ಇನ್ನೂರ ಹನ್ನೆರಡು ಹಸಿರು

ಏಳು ವರ್ಷದ ಹಿಂದೆ ಜಾಫರ್‌ಗೆ ಒಂದು ಮಾತು ಕೊಟ್ಟಿದ್ದೆ. ಇಬ್ಬರೂ ಒಂದೇ ವಾರ ಸಾಫ್ಟ್‌ವೇರ್ ಟೆಸ್ಟರ್ ಕೆಲಸಕ್ಕೆ ಸೇರಿದವರು. ಮೀಟಿಂಗಿನಲ್ಲಿ ಸೀನಿಯರ್ ಒಬ್ಬರು ನಮ್ಮಿಬ್ಬರ ತಪ್ಪುಗಳನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿ ಎಲ್ಲರನ್ನೂ ನಗಿಸಿದ್ದರು. ಆಮೇಲೆ ಹೆಬ್ಬಾಳ ಫ್ಲೈಓವರ್ ಹತ್ತಿರ ಟೀ ಕುಡಿಯುತ್ತ ಅವನು ಹೇಳಿದ.

"ನಿಮ್ಮ ತಪ್ಪು ನಂಗ್ ಸಿಕ್ರೆ ಮೊದ್ಲು ನಿಮಗೇ ಹೇಳ್ತೀನಿ ಭಾಗ್ಯಕ್ಕ. ನಂದು ಸಿಕ್ರೆ ನೀವೂ ಹಂಗೇ ಮಾಡಿ."

"ಆಯ್ತು. ಮೊದಲು ನಿನಗೇ ಹೇಳ್ತೀನಿ" ಅಂದೆ.

ಆಮೇಲೆ ಇಬ್ಬರೂ ತಣಿಸಂದ್ರದ ಆಫೀಸಿಗೆ ಬಂದು ಕಾಂಟ್ರ್ಯಾಕ್ಟ್ ಮೇಲೆ ಇದ್ದೆವು. ಮುಂದಿನ ತಿಂಗಳಿಂದ ಒಬ್ಬರು ಸಾಕು ಎಂದು ಮೇಲಿನವರು ಹೇಳಿದ್ದರು. ಯಾರು ಉಳಿಯಬೇಕು ಎಂಬುದನ್ನು ಮ್ಯಾನೇಜರ್ ಅಶ್ವತ್ಥ್ ಸೋಮವಾರ ಬರೆದು ಕಳಿಸಬೇಕಿತ್ತು. ಶುಕ್ರವಾರ ಮಧ್ಯಾಹ್ನ ಅವರು ನನ್ನ ಟೇಬಲ್ ಹತ್ತಿರ ಬಂದರು.

"ಸಂಜೆ ಹೊಸ ವರ್ಷನ್ ರಿಲೀಸ್ ಇದೆ ಮೇಡಂ. ಜಾಫರ್ ಟೆಸ್ಟ್‌ಗಳನ್ನ ಇನ್ನೊಂದ್ ಸಲ ಓಡಿಸ್ಬಿಡಿ. ಎಲ್ಲಾ ಹಸಿರೇ ಇದೆ, ಸುಮ್ನೆ ಶಾಸ್ತ್ರಕ್ಕೆ."

ಜಾಫರ್ ರಜೆಯಲ್ಲಿದ್ದ. ತಂಗಿ ಫರ್ಹೀನಳ ನಿಶ್ಚಿತಾರ್ಥದ ಬಟ್ಟೆ ತರಲು ಹೋಗಿದ್ದ.

ನಮ್ಮದು ನರ್ಸಿಂಗ್ ಹೋಮ್‌ಗಳಿಗೆ ಮಾಡುವ ಆ್ಯಪ್. ಮೊದಲು ಸರ್ವರ್‌ನಲ್ಲಿ ಒಂದೊಂದು ಮಾಹಿತಿಗೆ ಒಂದೊಂದು ವಿಳಾಸವಿತ್ತು. ಹೋದ ವರ್ಷ ಗ್ರಾಫ್‌ಕ್ಯೂಎಲ್‌ಗೆ ಬದಲಾಯಿಸಿದರು. ಈಗ ವಿಳಾಸ ಒಂದೇ. ರೋಗಿಯ ಹೆಸರು ಬೇಕು, ರಕ್ತದ ಗುಂಪು ಬೇಕು, ಯಾವ ಔಷಧಿ ಆಗುವುದಿಲ್ಲ ಎಂಬುದು ಬೇಕು ಎಂದು ಒಂದು ಪ್ರಶ್ನೆಯಲ್ಲಿ ಬರೆದು ಕಳಿಸಿದರೆ ಕೇಳಿದಷ್ಟೇ ಬರುತ್ತದೆ. ಎಪಿಐ ಕ್ಲೈಂಟ್ ಎಂಬ ಟೂಲ್‌ನಲ್ಲಿ ಅಂಥ ಪ್ರಶ್ನೆಗಳನ್ನು ಸಾಲಾಗಿ ಜೋಡಿಸಿ ಓಡಿಸುವುದು ನಮ್ಮ ಕೆಲಸ. ಉತ್ತರ ಸರಿಯಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು.

ಓಡಿಸಿದೆ. ಇನ್ನೂರ ಹನ್ನೆರಡೂ ಹಸಿರು. ನಿದ್ದೆಗಣ್ಣಿನಲ್ಲಿ ಒಂದರಲ್ಲಿ ರೋಗಿಯ ನಂಬರಿಗೆ ಒಂಬತ್ತನ್ನು ಎರಡು ಸಲ ಒತ್ತಿದ್ದೆ. ಅಂಥ ರೋಗಿಯೇ ಇಲ್ಲ. ಆದರೂ ಹಸಿರು.

ಒಳಗೆ ತೆರೆದು ನೋಡಿದೆ. ಉತ್ತರದ ಮೇಲ್ತುದಿಯಲ್ಲಿ ಸರ್ವರ್ ೨೦೦ ಎಂದು ಹೇಳಿತ್ತು, ಅಂದರೆ ಎಲ್ಲ ಚೆನ್ನಾಗಿದೆ ಎಂದು. ಕೆಳಗೆ ಉತ್ತರದೊಳಗೆ 'ರೋಗಿ ಸಿಗಲಿಲ್ಲ' ಎಂಬ ದೋಷ ಬರೆದಿತ್ತು. ಗ್ರಾಫ್‌ಕ್ಯೂಎಲ್ ಹೀಗೇ. ಕೆಲಸ ಕೆಟ್ಟರೂ ೨೦೦ ಕೊಟ್ಟು, ಕೆಟ್ಟದ್ದನ್ನು ಒಳಗೆ ಬರೆಯುತ್ತದೆ. ಟೆಸ್ಟ್ ೨೦೦ ಅನ್ನು ಮಾತ್ರ ನೋಡುತ್ತಿತ್ತು. ಒಂದೊಂದಾಗಿ ಬಿಚ್ಚಿದೆ. ಮೂವತ್ತೊಂದು ಹಸಿರುಗಳ ಒಳಗೆ ದೋಷ. ಅವುಗಳ ಪೈಕಿ ಹದಿನಾಲ್ಕರಲ್ಲಿ, ರೋಗಿಗೆ ಆಗದ ಔಷಧಿಯ ಜಾಗ ಖಾಲಿ ಬಂದಿತ್ತು. ನರ್ಸ್ ಅದನ್ನು ನೋಡಿದರೆ ಯಾವ ಔಷಧಿಯೂ ಆಗುತ್ತದೆ ಎಂದೇ ತಿಳಿಯುತ್ತಾಳೆ.

ಪ್ರತಿ ಟೆಸ್ಟಿಗೂ ಒಂದೇ ಹೆಸರಿತ್ತು: 'ಎಲ್ಲಾ ಸರಿ'. ಆ ಹೆಸರು ನಾನೇ ಇಟ್ಟದ್ದು. ಈ ಆಫೀಸಿನ ಮೊದಲ ವರ್ಷ, ವಿಳಾಸಗಳು ಬೇರೆಬೇರೆ ಇದ್ದ ಕಾಲದಲ್ಲಿ, ೨೦೦ ಬಂತೇ ಎಂದು ನೋಡುವ ಮೂರು ಸಾಲು ಬರೆದು ತಮಾಷೆಗೆ ಹಾಗೆ ಕರೆದಿದ್ದೆ. ಅಂದು ೨೦೦ ಬಂದರೆ ಸಾಕಿತ್ತು. ಜಾಫರ್‌ಗೆ ಆ ಫೈಲ್ ಕೊಟ್ಟು, "ಇದನ್ನೇ ಕಾಪಿ ಮಾಡ್ಕೋ, ತಲೆ ಕೆಡಿಸ್ಕೋಬೇಡ" ಎಂದವಳೂ ನಾನೇ. ಅವನು ಕೆಡಿಸಿಕೊಂಡಿರಲಿಲ್ಲ. ಯಾವ ಟೆಸ್ಟ್ ಯಾರು ಬರೆದರು ಎಂದು ತೋರಿಸುವ ಹಿಸ್ಟರಿಯಲ್ಲಿ ಇದ್ದದ್ದು ಅವನ ಹೆಸರು ಮಾತ್ರ.

ಹೊರಗೆ ಹೋಗಿ ಫೋನ್ ಮಾಡಿದೆ.

"ಎಲ್ಲಿದ್ದೀಪಾ ಜಾಫರ್?"

"ನಿಮ್ಮ ಬಾಯಲ್ಲಿ 'ಪಾ' ಬಂತು ಅಂದ್ರೆ ಏನೋ ಎಡವಟ್ಟಾಗಿದೆ ಅಕ್ಕಾ. ಹೇಳ್ಬಿಡಿ."

ಹೇಳಿದೆ. ಅಂಗಡಿಯವನು ಯಾವುದೋ ಬಣ್ಣದ ಹೆಸರು ಹೇಳುತ್ತಿದ್ದುದು ಕೇಳಿಸಿತು.

"ಹೋಟ್ಲು ಸಪ್ಲೈಯರ್ ನಗ್ತಾ ತಟ್ಟೆ ಇಟ್ಟಿದ್ ನೋಡ್ದೆ, ತಟ್ಟೇಲಿ ಏನಿದೆ ಅಂತ ನೋಡ್ಲೇ ಇಲ್ಲ" ಎಂದು ನಕ್ಕ. ಆಮೇಲೆ ನಗಲಿಲ್ಲ. "ಆ ಮೂರು ಸಾಲು ಎಲ್ಲಿಂದ ತಗೊಂಡೆ ಅಂತಾನೇ ನೆನಪಿಲ್ಲ ನಂಗೆ."

"ಈಗ ಏನ್ ಮಾಡೋದು?" ಎಂದೆ.

"ಟಿಕೆಟ್ ಹಾಕ್ಬಿಡಿ ಅಕ್ಕಾ. ಔಷಧಿ ವಿಷ್ಯ. ನಂಗೆ ಮೊದ್ಲು ಹೇಳಿದ್ರಲ್ಲ, ಅಷ್ಟ್ ಸಾಕು."

ದೋಷಗಳನ್ನೆಲ್ಲ ಪಟ್ಟಿ ಮಾಡಿ ಟಿಕೆಟ್ ಹಾಕಿದೆ. ರಿಲೀಸ್ ನಿಂತಿತು. ಅಶ್ವತ್ಥ್ ನನ್ನ ಪರದೆಯನ್ನೇ ನೋಡುತ್ತ ನಿಂತರು.

"ಇದನ್ನ ಯಾರು ಬರ್ದಿದ್ದು ಮೇಡಂ?"

"ಹಿಸ್ಟರೀಲಿ ಜಾಫರ್ ಹೆಸರಿದೆ ಸರ್."

"ನೀವ್ ನೋಡ್ದೆ ಇದ್ದಿದ್ರೆ ಕಥೆ ಮುಗೀತಿತ್ತು."

ಅಷ್ಟರಲ್ಲಿ ಮಗಳು ಪದ್ಮಶ್ರೀ ಫೋನ್ ಮಾಡಿ, ಸ್ಕೂಲಿನ ಮಾಡೆಲ್‌ಗೆ ಥರ್ಮೋಕೋಲ್ ಬೇಕು, ಹೋದ ಸಲದ ಹಾಗೆ ಮುರಿದದ್ದು ತರಬೇಡ ಎಂದಳು. ಗಂಡನಿಗೆ ಸೆಕೆಂಡ್ ಶಿಫ್ಟ್. ಯಲಹಂಕದಲ್ಲಿ ಇಳಿದು ಎರಡು ಹಾಳೆ ತೆಗೆದುಕೊಂಡು, ಕೋಗಿಲಿನ ಮನೆ ತನಕ ಆಟೋದಲ್ಲಿ ಎದೆಗೆ ಅಡ್ಡ ಹಿಡಿದು ಕೂತೆ. ಮೂಲೆ ಮುರಿಯಲಿಲ್ಲ. ಅನ್ನಕ್ಕಿಟ್ಟೆ. ಹಾಳೆಯನ್ನು ಅವಳು ಹೇಳಿದ ಅಳತೆಗೆ ಕತ್ತರಿಸಿದೆ.

ಸೋಮವಾರ ಅಶ್ವತ್ಥ್ ನನ್ನ ಹೆಸರು ಬರೆದು ಕಳಿಸಿದರು. ತಿಂಗಳ ಕೊನೆಗೆ ಜಾಫರ್ ಲ್ಯಾಪ್‌ಟಾಪ್ ಒಪ್ಪಿಸಿ ಹೋದ. ಆ ಮೂರು ಸಾಲು ಯಾರದ್ದು ಎಂದು ನಾನು ಯಾರಿಗೂ ಹೇಳಲಿಲ್ಲ.

ತಪ್ಪನ್ನು ಮೊದಲು ಅವನಿಗೇ ಹೇಳಿದ್ದೆ. ಕೊಟ್ಟ ಮಾತು ಉಳಿಸಿಕೊಂಡೆ.