ಬಾಗಿಲಿಗೆ ಮುಖ ಮಾಡಿದ ಕುರ್ಚಿ

ಲಿಡಿ ತೀರಿಕೊಂಡು ಏಳು ತಿಂಗಳಾಗಿತ್ತು. ಪ್ರತಿ ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಅಲ್ವಿನ್ ಕ್ರೆನೆಕ್ ಹೆಂಡತಿಯ ಸಮಾಧಿಗೆ ಹೋಗಿ ನಿಲ್ಲುತ್ತಿದ್ದ. ಅಲ್ಲಿ ಅವಳು ಸಿಗುತ್ತಿರಲಿಲ್ಲ. ಅಲ್ಲಿದ್ದುದು ಕಲ್ಲು, ಕಲ್ಲಿನ ಮೇಲೆ ಅವಳ ಹೆಸರಿನ ಪಕ್ಕದಲ್ಲಿ ಅವನ ಹೆಸರನ್ನೂ ಕೆತ್ತಿ, ಸಾವಿನ ವರ್ಷಕ್ಕೆ ಮಾತ್ರ ಜಾಗ ಬಿಟ್ಟಿದ್ದರು.

ಅವಳು ಸಿಗುತ್ತಿದ್ದುದು ಓಪಲ್‌ಳ ಹೋಟೆಲಿನಲ್ಲಿ, ಕಿಟಕಿ ಪಕ್ಕದ ಮೇಜಿನಲ್ಲಿ. ಮೂವತ್ತು ಮೈಲಿ ಸುತ್ತಿನಲ್ಲಿ ಗಸಗಸೆಯ ಕೊಲಾಚೆ ಬನ್ನನ್ನು ಹಳೆಯ ಬೊಹೀಮಿಯದ ಅಜ್ಜಿಯರಂತೆ ಮಾಡುತ್ತಿದ್ದವಳು ಓಪಲ್ ಒಬ್ಬಳೇ. ಅಲ್ವಿನ್ ಒಂಟಿಯಾಗಿ ಬಂದ ಮೊದಲ ದಿನವೇ ಅವಳು ತಾನಾಗಿಯೇ ಎರಡು ಬಟ್ಟಲು ಕಾಫಿ ತಂದಿಟ್ಟಿದ್ದಳು. ಅಂದಿನಿಂದ ಅದೇ ರೂಢಿಯಾಯಿತು. ಎದುರಿನ ಬಟ್ಟಲಿನ ಹಬೆ ಆರುವವರೆಗೆ ಲಿಡಿ ಅಲ್ಲಿ ಕೂತಿರುತ್ತಾಳೆ ಎಂದು ಅಲ್ವಿನ್‌ಗೆ ಅನ್ನಿಸುತ್ತಿತ್ತು. ಪಾದ್ರಿಗೆ ಹೇಳಿಕೊಳ್ಳುವಂಥ ಮಾತಲ್ಲವೆಂದು ಯಾರಿಗೂ ಹೇಳಿರಲಿಲ್ಲ.

ಅವನ ಕೋಟಿನ ಎಡಜೇಬಿನಲ್ಲಿ ಜಪಮಾಲೆ, ಬಲಜೇಬಿನಲ್ಲಿ ಪುಟ್ಟ ರಿವಾಲ್ವರ್. ಟೆಕ್ಸಸ್ಸಿನಲ್ಲಿ ಆಯುಧವನ್ನು ಮುಚ್ಚಿಟ್ಟುಕೊಂಡು ಓಡಾಡಲು ಪರವಾನಗಿ ಕೊಡಲು ತೊಡಗಿದ ದಿನದಿಂದ, ಇಪ್ಪತ್ತು ವರ್ಷ, ಎರಡೂ ಹಾಗೇ ಇದ್ದವು. ಊರಿನಲ್ಲಿ ಯಾರೂ ಆ ರಿವಾಲ್ವರನ್ನು ಕಂಡಿರಲಿಲ್ಲ. ಕಂಡವಳು ಜೇಬು ಹೊಲಿಯುತ್ತಿದ್ದ ಲಿಡಿ ಮಾತ್ರ. "ಮತ್ತೆ ಬಲಗಡೇನೇ ಹೊಲಿಗೆ ಬಿಟ್ಟಿದೆ. ನಿಮ್ಮ ನಂಬಿಕೆ ಯಾವ ಕಡೆ ಭಾರ ಅಂತ ಕೋಟೇ ಹೇಳುತ್ತೆ ನೋಡಿ" ಎಂದು ಹಂಗಿಸುತ್ತಿದ್ದಳು.

ಸೊಂಟದ ಮೇಲೆ ಎಲ್ಲರಿಗೂ ಕಾಣುವಂತೆ ಪಿಸ್ತೂಲು ಧರಿಸಲು ಅನುಮತಿ ಕೊಡುವ ಮಸೂದೆ ಆ ವಸಂತದಲ್ಲಿ ಆಸ್ಟಿನ್ನಿನ ಶಾಸನಸಭೆಗೆ ಬರಲಿತ್ತು. ಅದರ ಪರವಾದ ಮನವಿಯ ಹಾಳೆ ಓಪಲ್‌ಳ ಗಲ್ಲಾದ ಪಕ್ಕದಲ್ಲೇ ಇತ್ತು. ಮೊದಲ ಸಹಿ ಅವಳದೇ. ಒಂದು ಸಂಜೆ ಬೆಸುಗೆ ಕೆಲಸದ ಟ್ರೇಸ್ ಹೊಲುಬ್ ಎಂಬ ಮೂವತ್ತರ ಗಂಡಸು ಅಲ್ವಿನ್‌ನ ಜಗಲಿಗೆ ಬಂದು ಕೂತ.

"ಮಸೂದೆ ಪರವಾಗಿ ಶನಿವಾರ ಬಂದೂಕು ಹೆಗಲಿಗೆ ಹಾಕ್ಕೊಂಡು ಪೇಟೆ ಸುತ್ತಿ ಬರ್ತೀವಿ, ಮಿಸ್ಟರ್ ಅಲ್ವಿನ್. ಉದ್ದ ಬಂದೂಕಿಗೆ ಕಾನೂನಿನ ಅಡ್ಡಿ ಮೊದಲಿಂದಲೂ ಇಲ್ಲ. ನೀವು ಮುಂದೆ ನಡೀಬೇಕು. ಬಳಸದ ಹಕ್ಕಿಗೆ ತುಕ್ಕು ಹಿಡಿಯುತ್ತೆ. ಜನ ದಿನಾ ನೋಡಿದ್ರೆ ಹೆದರಿಕೆ ಬಿಡುತ್ತೆ, ಬೀದಿ ನಾಯಿ ಕಂಡ ಹಾಗೆ."

"ನಾಯಿ ಬಾಲ ಅಲ್ಲಾಡಿಸುತ್ತೆ ಮಗಾ. ಬಂದೂಕು ಏನು ಅಲ್ಲಾಡಿಸುತ್ತೆ?"

ಟ್ರೇಸ್ ನಕ್ಕ. ಅಲ್ವಿನ್ ಮೂವತ್ತು ವರ್ಷ ಗುರಿ ಅಭ್ಯಾಸದ ಮೈದಾನವನ್ನು ನೋಡಿಕೊಂಡವನು. ಅಲ್ಲಿ ಗುಂಡು ಹಾರಿಸಿ ಮುಗಿಸಿದವರು ತೋಟಾ ಕೂರುವ ಜಾಗದಲ್ಲಿ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕಡ್ಡಿಯೊಂದನ್ನು ಸಿಕ್ಕಿಸುತ್ತಿದ್ದರು. ಕಡ್ಡಿ ಕಂಡರೆ ಬಂದೂಕು ಖಾಲಿ ಎಂದು ಅರ್ಥ. ಮಕ್ಕಳು ಕೂಡ ಅದರ ಪಕ್ಕ ನಿಶ್ಚಿಂತೆಯಿಂದ ಕೂತು ತಿಂಡಿ ತಿನ್ನುತ್ತಿದ್ದರು.

"ಎಲ್ಲರೂ ಕಡ್ಡಿ ಹಾಕಿದ್ರೆ ಬರ್ತೀನಿ. ಆಗ ಯಾರೂ ಹೆದರೋದಿಲ್ಲ" ಎಂದ ಅಲ್ವಿನ್.

ಶನಿವಾರ ಬೆಳಿಗ್ಗೆ ಬಂದೂಕಿನ ಪಟ್ಟಿಗೆ ಹೆಗಲು ಕೊಡುವಾಗ ಲಿಡಿಯ ಹಳೆಯ ಮಾತೊಂದು ಕಿವಿಯಲ್ಲಿ ಕೇಳಿಸಿತು, ಒಲೆಯ ಬಳಿಯಿಂದ ಹೇಳಿದಂತೆ. "ಜನ ನೋಡ್ಲಿ ಅಂತ ಬೀದಿ ಮೂಲೆಯಲ್ಲಿ ನಿಂತು ಪ್ರಾರ್ಥನೆ ಮಾಡಬೇಡಿ ಅಂತ ಪ್ರಭು ಯೇಸು ಹೇಳಿದ್ದು ಪ್ರಾರ್ಥನೆ ಕೆಟ್ಟದ್ದು ಅಂತಲ್ಲ." ಅವನು ತಿರುಗಿ ನೋಡಿದ. ಒಲೆ ತಣ್ಣಗಿತ್ತು.

ಒಂಬತ್ತು ಮಂದಿ ಪೇಟೆ ನಡುವಿನ ನ್ಯಾಯಾಲಯದ ಸುತ್ತ ನಡೆದರು. ಒಂಬತ್ತು ಕಡ್ಡಿಗಳನ್ನೂ ಅಲ್ವಿನ್ ಬೆರಳಿಟ್ಟು ಪರೀಕ್ಷಿಸಿದ್ದ. ಕೊನೆಗೆ ಕಾಫಿಗೆಂದು ಓಪಲ್‌ಳ ಬಾಗಿಲು ತಳ್ಳಿದರು. ಬಾಗಿಲಿನ ಗಂಟೆ ಕಿಣಿಗುಟ್ಟಿತು.

ಓಪಲ್ ಅವರತ್ತ ಬೆನ್ನು ಮಾಡಿ ಒಂದು ಮೇಜಿಗೆ ಕಾಫಿ ಸುರಿಯುತ್ತಿದ್ದಳು. ತಿರುಗಿದಳು. ಕಾಫಿ ಬಟ್ಟಲು ತುಂಬಿತು, ಮೇಜಿನ ಮೇಲೆ ಹರಿಯಿತು, ನೆಲಕ್ಕೆ ಇಳಿಯಿತು. ಅವಳ ಕೈ ಮಾತ್ರ ಸುರಿಯುತ್ತಲೇ ಇತ್ತು. ಕಣ್ಣು ಅಲ್ವಿನ್‌ನ ಮೇಲೆ ಬಿದ್ದರೂ ಅವನನ್ನು ಕಾಣಲಿಲ್ಲ. ಆಮೇಲೆ ಅವಳು ಹೂಜಿಯನ್ನು ಮೆಲ್ಲನೆ ಕೆಳಗಿಟ್ಟು, ಗಲ್ಲಾದ ಹಿಂದೆ ಹೋಗಿ, ಕುಸಿದು ಕೂತಳು.

"ಮ್ಯಾಮ್, ತೋಟಾ ಇಲ್ಲ, ಕಡ್ಡಿ ನೋಡಿ" ಎಂದ ಟ್ರೇಸ್. ಹೇಳಿ ಸುಮ್ಮನಿರದೆ, ತೋರಿಸಲೆಂದು ಬಂದೂಕನ್ನು ಹೆಗಲಿನಿಂದ ಇಳಿಸಿ ಎರಡೂ ಕೈಯಲ್ಲಿ ಮುಂದಕ್ಕೆ ಹಿಡಿದ.

ಗಲ್ಲಾದ ಹಿಂದಿನಿಂದ ಬಂದ ದನಿಯನ್ನು ಅಲ್ವಿನ್ ಬೇಟೆಯಲ್ಲಿ ಗಾಯಗೊಂಡ ಪ್ರಾಣಿಯಿಂದಲೂ ಕೇಳಿರಲಿಲ್ಲ.

"ಹೊರಗೆ ನಡೀರಿ" ಎಂದ ಅವನು ತನ್ನವರಿಗೆ. ಎಲ್ಲರೂ ಹೊರಟರು. ಕೊಲಾಚೆ ಹಿಡಿದ ಮುದುಕಿಯೊಬ್ಬಳು ಅವರು ಹೋಗುವವರೆಗೂ ಬಾಯಿಗೆ ಹಾಕಿಕೊಳ್ಳದೆ ಹಾಗೇ ಕೂತಿದ್ದಳು.

ಸೋಮವಾರ ಬಾಗಿಲಿಗೆ ಫಲಕ ಬಂದಿತ್ತು: ಕಾಣುವ ಆಯುಧವಾಗಲಿ, ಮುಚ್ಚಿಟ್ಟ ಆಯುಧವಾಗಲಿ ಒಳಗೆ ತರುವಂತಿಲ್ಲ. ಇಪ್ಪತ್ತು ವರ್ಷದಲ್ಲಿ ಆ ಬಾಗಿಲಿಗೆ ಅಂಥದೊಂದು ಇರಲಿಲ್ಲ. ಅಲ್ವಿನ್ ಹಿತ್ತಿಲ ಬಾಗಿಲಿಗೆ ಹೋಗಿ ಟೋಪಿ ತೆಗೆದು ನಿಂತ. ಓಪಲ್ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಆ ಮನವಿ ಹಾಳೆಯಲ್ಲಿ ನನ್ನ ಹೆಸರು ಹೊಡೆದು ಹಾಕಿದ್ದೀನಿ" ಎಂದಳು. "ಅದನ್ನ ನೋಡಿ ಉಳಿದವರೂ ತಮ್ಮ ಹೆಸರು ಹೊಡೀತಿದ್ದಾರೆ. ನಿಮ್ಮ ಬಂದೂಕಿನ ಮೇಲೆ ನನಗೇನು ದ್ವೇಷ ಇಲ್ಲ, ಅಲ್ವಿನ್. ನನ್ನ ಗಲ್ಲಾದ ಕೆಳಗೂ ಒಂದು ಪಿಸ್ತೂಲಿದೆ. ಶನಿವಾರ ಅದಕ್ಕೆ ಕೈ ಹಾಕಿದ್ದೆ. ಎಲ್ಲರಿಗಿಂತ ಮುಂದೆ ನೀವೇ ಇದ್ರಿ."

ಅವನು ಟೋಪಿಯ ಅಂಚನ್ನು ಬೆರಳಲ್ಲಿ ತಿರುಗಿಸಿದ.

"ಇಲ್ಲಿಗೆ ಬರೋದಕ್ಕೆ ಮುಂಚೆ ಬೇರೆ ಊರಿನ ಹೋಟೆಲಲ್ಲಿ ಬಡಿಸ್ತಿದ್ದೆ. ಒಬ್ಬ ಹೀಗೇ ಹೆಗಲಿಗೆ ಹಾಕ್ಕೊಂಡು ಬಂದ. ಗಂಟೆ ಕೇಳಿ, ಬನ್ನಿ ಕೂತ್ಕೊಳ್ಳಿ ಅಂತ ತಿರುಗಿ ನೋಡದೇನೇ ಹೇಳಿದೆ. ನನ್ನ ಜೊತೆ ಕೆಲಸ ಮಾಡ್ತಿದ್ದ ರೋಸಲಿ ತಿರುಗಿದ್ಲು. ಅವಳು ಈಗಿಲ್ಲ."

"ನನಗೆ ಗೊತ್ತಿರಲಿಲ್ಲ, ಓಪಲ್."

"ಲಿಡಿಗೆ ಗೊತ್ತಿತ್ತು. ಅವಳು ಯಾವಾಗಲೂ ಬಾಗಿಲಿಗೆ ಮುಖ ಮಾಡಿ ಕೂರ್ತಿದ್ದಿದ್ದು ಯಾಕೆ ಅಂದ್ಕೊಂಡ್ರಿ?"

ಊರಿನವರ ಉಡುಗೆ ನೋಡುವ ಚಪಲ ಎಂದುಕೊಂಡಿದ್ದ. ಗಂಟೆ ಕಿಣಿಗುಟ್ಟಿದಾಗಲೆಲ್ಲ ಲಿಡಿ ಬಂದವರ ಹೆಸರು ಹಿಡಿದು ಗಟ್ಟಿಯಾಗಿ ಮಾತಾಡಿಸುತ್ತಿದ್ದಳು. "ಇದೇನು ಶಾಲೆಯಾ, ಹಾಜರಿ ಕರೀತೀಯ?" ಎಂದು ಅವನು ಗದರಿಕೊಂಡದ್ದೂ ಉಂಟು. ಅವಳು ಮುಗುಳ್ನಗುತ್ತಿದ್ದಳು.

"ಒಲೆ ಹತ್ರ ನಿಂತ್ರೆ ನನ್ನ ಬೆನ್ನು ಬಾಗಿಲಿಗೆ" ಎಂದಳು ಓಪಲ್. "ಲಿಡಿ ಬಂದವರ ಹೆಸರು ಹೇಳಿದ್ರೆ ನಾನು ತಿರುಗ್ಬೇಕಿರಲಿಲ್ಲ. ಅವಳು ಹೋದ ಮೇಲೆ ಗಂಟೆ ಕಿಣಿಗುಟ್ಟಿದಾಗಲೆಲ್ಲ ತಿರುಗ್ತೀನಿ. ಕೈ ಸುಟ್ಟುಕೊಳ್ತೀನಿ. ಅಷ್ಟೇ." ಒಳಗೆ ಹೋದಳು.

ಮೂರು ದಿನ ಅವನು ತನ್ನ ಪಿಕಪ್ ಟ್ರಕ್ಕನ್ನು ಹೋಟೆಲಿನ ಎದುರಿಗೆ ನಿಲ್ಲಿಸಿ, ಅದರೊಳಗೇ ಕೂತು ಜಪಮಾಲೆ ತಿರುಗಿಸಿದ. ಗಾಜಿನಾಚೆ ಮೇಜು ಕಾಣುತ್ತಿತ್ತು. ಎದುರಿನ ಕುರ್ಚಿಯಲ್ಲಿ ಯಾರೂ ಇರಲಿಲ್ಲ. ಅವಳು ಅಲ್ಲಿಂದಲೂ ಎದ್ದು ಹೋಗಿದ್ದಾಳೆ ಎನ್ನಿಸಿತು. ಟ್ರೇಸ್ ಟ್ರಕ್ಕಿನ ಕಿಟಕಿಗೆ ಬಗ್ಗಿ, "ಒಬ್ಬ ಹೆಂಗಸು ಹೆದರಿದ್ಲು ಅಂತ ಹಕ್ಕು ಬಿಡೋದಾ, ಮಿಸ್ಟರ್ ಅಲ್ವಿನ್?" ಎಂದ.

"ಹಕ್ಕು ಬಿಟ್ಟಿಲ್ಲ ಮಗಾ. ನಮ್ಮ ಪರ ಸಹಿ ಹಾಕಿದವಳನ್ನೇ ಹೆದರಿಸಿ, ಹಕ್ಕನ್ನ ಗೆಲ್ತೀವಿ ಅಂದ್ಕೊಂಡ್ವಿ. ಕಡ್ಡಿ ಹಾಕಿದ್ರೆ ಯಾರೂ ಹೆದರಲ್ಲ ಅಂದವನು ನಾನೇ."

ಗುರುವಾರ ಅವನು ರಿವಾಲ್ವರನ್ನು ಟ್ರಕ್ಕಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. ಬಲಜೇಬು ಮುದುಕಿಯ ಕೆನ್ನೆಯಂತೆ ಜೋಲುತ್ತಿತ್ತು. ಬಾಗಿಲು ತಳ್ಳುವ ಮೊದಲೇ, "ಓಪಲ್, ನಾನು, ಅಲ್ವಿನ್" ಎಂದು ಕೂಗಿದ. ಕಿಟಕಿ ಪಕ್ಕದ ಮೇಜಿಗೆ ಹೋಗಿ, ತನ್ನ ಕುರ್ಚಿ ಬಿಟ್ಟು, ಲಿಡಿಯ ಕುರ್ಚಿಯಲ್ಲಿ ಕೂತ.

ಅಲ್ಲಿಂದ ಬಾಗಿಲು ನೆಟ್ಟಗೆ ಕಾಣುತ್ತಿತ್ತು. ಬಾಗಿಲಿಗೆ ಬೆನ್ನು ಮಾಡಿದ್ದ ತನ್ನ ಖಾಲಿ ಕುರ್ಚಿಯೂ ಕಾಣುತ್ತಿತ್ತು. ಅವಳು ಇಷ್ಟು ವರ್ಷ ಕಂಡದ್ದು ಇದನ್ನೇ: ಬಲಗಡೆಗೆ ವಾಲಿದ ಕೋಟು ತೊಟ್ಟು, ತಾನೇ ಕಾವಲುಗಾರ ಎಂದು ನಂಬಿ ಕೂತ ಗಂಡಸು.

ಓಪಲ್ ಒಂದೇ ಬಟ್ಟಲು ತಂದಿಟ್ಟಳು. ಕುರ್ಚಿಯನ್ನು ನೋಡಿದಳು, ಅವನನ್ನು ನೋಡಿದಳು. ಒಲೆಗೆ ಮರಳಿದಳು.

ಗಂಟೆ ಕಿಣಿಗುಟ್ಟಿತು. ಅವಳ ಭುಜ ಸೆಟೆಯಿತು.

"ಪೋಸ್ಟ್‌ಮ್ಯಾನ್ ಲ್ಯಾಡಿಸ್" ಎಂದ ಅಲ್ವಿನ್ ಗಟ್ಟಿಯಾಗಿ. "ಇವತ್ತೂ ಬೂಟು ಒರೆಸಿಲ್ಲ."

ಅವಳು ತಿರುಗಲಿಲ್ಲ. ಬಾಣಲೆಯಲ್ಲಿ ಮೊಟ್ಟೆ ಒಡೆದ ಸದ್ದು ಕೇಳಿಸಿತು.