ಕೊಡದೊಳಗೆ ಕೂತ ಗರಗಸಮಂಡಲ

ನಾನು ಗರಗಸಮಂಡಲ. ಮೊಳದಷ್ಟೂ ಉದ್ದವಿಲ್ಲದ ಹಾವು. ಕಾಗಿಣಾ ಹೊಳೆಯಾಚೆ, ನೆಲಕ್ಕೆ ಹಾಸುವ ಫರಸಿಕಲ್ಲಿನ ಗಣಿಯೊಂದರಲ್ಲಿ ಹುಟ್ಟಿದೆ. ನಮ್ಮವ್ವ ಮೊಟ್ಟೆಯಿಡಲಿಲ್ಲ, ಮರಿಗಳನ್ನೇ ಹಡೆದು, ತಿರುಗಿ ನೋಡದೆ ಹೋದಳು. ಅಂದಿನಿಂದಲೇ ಹಲ್ಲಿನಲ್ಲಿ ವಿಷ, ಮೈತುಂಬ ಹೆದರಿಕೆ. ನವಿಲು ಕಂಡರೆ ಹೆದರಿಕೆ, ಚಪ್ಪಲಿ ಕಾಲು ಕಂಡರಂತೂ ಕೇಳಲೇಬೇಡಿ. ಹೆದರಿದಾಗ ಸುರುಳಿ ಸುತ್ತಿ ಹುರುಪೆಗೆ ಹುರುಪೆ ಉಜ್ಜುತ್ತೇನೆ. ಕಾದ ಎಣ್ಣೆಗೆ ಮೆಣಸಿನಕಾಯಿ ಬಿದ್ದಂತೆ ಚುರ್ರ್ ಎನ್ನುತ್ತದೆ.

ಗಣಿಯಲ್ಲಿ ದುಡಿಯುವ ಕಾಶಮ್ಮ ಕಲ್ಲು ಎತ್ತುವ ಮೊದಲು ಹಾರೆಯಿಂದ ಟಕಟಕ ಬಡಿದು ಕೇಳೋಳು: "ಮನ್ಯಾಗ ಯಾರರ ಅದೀರೇನವ್ವಾ?" ನಾನು ಚುರ್ರ್ ಅಂದರೆ ಆ ಕಲ್ಲಿನ ತಂಟೆಗೆ ಬರುತ್ತಿರಲಿಲ್ಲ.

"ಹಾವಿನ ಜೋಡಿ ಮಾತಾಡ್ತಿ, ನನ್ನ ಜೋಡಿ ಇಲ್ಲ," ಗಂಡ ಭೀಮಶಾ ಕಾಡಿಸೋನು.

"ಕೇಳಿದ್ದಕ್ಕ ಅದು ಜವಾಬರ ಕೊಡ್ತದ!"

ಒಂದು ಬೆಳಿಗ್ಗೆ ಪಕ್ಕದಲ್ಲೇ ಕಲ್ಲು ಕೊಯ್ಯುವ ಮಷೀನು ಶುರುವಾಯಿತು. ಕಾಶಮ್ಮ ಬಡಿದು ಕೇಳಿದಳು. ನಾನು ಮೈ ಹರಿಯುವಂತೆ ಉಜ್ಜಿದೆ. ಮಷೀನು ನನ್ನ ಸದ್ದನ್ನು ನುಂಗಿಹಾಕಿತು. ಕಲ್ಲು ಮೇಲೆದ್ದಿತು, ಬಿಸಿಲು ಕಣ್ಣಿಗೆ ಬಡಿಯಿತು, ಎದುರಿಗೇ ಅವಳ ಬೆರಳು. ಕಚ್ಚಿಬಿಟ್ಟೆ.

ಭೀಮಶಾ ನನ್ನನ್ನು ಸಲಿಕೆಯಲ್ಲಿ ಎತ್ತಿ ಕೊಡಕ್ಕೆ ಹಾಕಿ, ಅದರ ಬಾಯಿಗೆ ಟವೆಲ್ ಬಿಗಿದು, ಅವಳ ಜೊತೆಗೇ ಆಟೋದಲ್ಲಿ ಆಸ್ಪತ್ರೆಗೆ ಒಯ್ದ.

"ಯಾವ ಹಾವು?"

"ತಂದೇ ಬಿಟ್ಟೀನ್ರಿ ಡಾಕ್ಟರಮ್ಮ, ನೋಡ್ರಿ."

"ಅಯ್ಯ, ಬಿಚ್ಚಬ್ಯಾಡ್ರೀ! ಕಡಿಸ್ಕೊಂಡವರು ಒಬ್ಬರು ಸಾಲಲಿಲ್ಲೇನು?"

ಕಾಶಮ್ಮನ ರಕ್ತವನ್ನು ಇಪ್ಪತ್ತು ನಿಮಿಷ ಗಾಜಿನ ನಳಿಕೆಯಲ್ಲಿ ಇಟ್ಟರು. ಹೆಪ್ಪುಗಟ್ಟದಿದ್ದರೆ ನನ್ನ ವಿಷ ಏರಿದೆ ಎಂದೇ ಅರ್ಥ. ಗಾಬರಿಯಲ್ಲಿ ಎಷ್ಟು ಸುರಿದಿದ್ದೆನೋ ನನಗೇ ತಿಳಿಯದು. ನಳಿಕೆ ವಾಲಿಸಿದರೆ ರಕ್ತ ನೀರಿನಂತೆ ಹರಿಯಿತಂತೆ. ಭೀಮಶಾ ಕೊಡದ ಪಕ್ಕದಲ್ಲೇ ಕುಸಿದು ಕೂತ. ಅವನ ನಡುಕ ಕೊಡಕ್ಕೂ ತಾಗಿತು. ಒಳಗೆ ನಾನೂ ನಡುಗುತ್ತಿದ್ದೆ. ಅವಳ ಮೈಗೆ ಔಷಧಿ ಹನಿಹನಿಯಾಗಿ ಇಳಿಯಿತು. ಸಂಜೆ ಮತ್ತೆ ನೋಡಿದರು.

"ಹೆಪ್ಪುಗಟ್ಟ್ಯದ," ಅಂದರು ಡಾಕ್ಟರಮ್ಮ.

ಭೀಮಶಾ ಕೊಡ ಎತ್ತಿಕೊಂಡ. "ಇದನ್ನ ಜಜ್ಜಿ ಬರ್ತೀನಿ."

"ಬ್ಯಾಡ," ಕಾಶಮ್ಮನ ಸಣ್ಣ ದನಿ. "ಅದು ಚುರ್ರ್ ಅಂದೇ ಇರ್ತದ, ನಂಗ ಕೇಳಿಸಿಲ್ಲ. ಕಲ್ಲೆತ್ತೂಮುಂದ ಮಷೀನ್ ಬಂದ್ ಮಾಡಿಸು, ಗಂಡಸಾಗಿದ್ರ."

ಗೊಣಗುತ್ತಲೇ ಅವನು ನನ್ನನ್ನು ಪಾಳುಬಿದ್ದ ಗಣಿಯೊಂದರಲ್ಲಿ ಸುರಿದು ಹೋದ.

ಈಗ ಮುದಿಯಾಗಿ ಅಲ್ಲಿಯ ಬಿರುಕಿನಲ್ಲೇ ಇದ್ದೇನೆ. ಚೇಳು, ಓತಿಕ್ಯಾತ ಸಿಕ್ಕರೆ ಊಟ. ಹೆದರಿಕೆ ಹೋಗಿಲ್ಲ, ಹೆಚ್ಚಾಗಿದೆ. ಮೊದಲು ನನಗೇನಾದೀತೋ ಎಂದು ಹೆದರುತ್ತಿದ್ದೆ. ಈಗ ನನ್ನಿಂದ ಯಾರಿಗೇನಾದೀತೋ ಎಂದೂ ಹೆದರುತ್ತೇನೆ.