ಗೋರಿ ತೋಡುವವನ ನಿಲುವಂಗಿ

ಕೊನೆಯ ಸೇತುವೆಯ ಮೇಲೆ ಗೋರಿ ತೋಡುವವನು ಮತ್ತೆ ಸತ್ತ. ತಂಗಿ ಹಲ್ಲು ಕಚ್ಚಿ ಮೊದಲಿನಿಂದ ಶುರು ಮಾಡಿದಳು. ಅರವತ್ತರ ಹತ್ತಿರದ ಹೆಂಗಸು ಹನ್ನೆರಡು ದಿನದಿಂದ ವಿಡಿಯೋ ಗೇಮ್ ಆಡುತ್ತ ಕೂತಿದ್ದಾಳೆಂದರೆ ಯಾರಾದರೂ ನಕ್ಕಾರು. ನಗಲಿ.

ಆ ಗೇಮನ್ನು ಮೂವತ್ತು ವರ್ಷದ ಹಿಂದೆ ಮಾಡಿದ್ದು ಅವಳೂ ಅಣ್ಣನೂ. ಚಿತ್ರ ಅವಳದು, ಪ್ರೋಗ್ರಾಂ ಅವನದು. ಪಿಡುಗು ಬಡಿದ ಊರಿನಲ್ಲಿ ಗೋರಿ ತೋಡುವವನೊಬ್ಬ ಸತ್ತ ಮಗಳನ್ನು ಬೆನ್ನಿಗೆ ಕಟ್ಟಿಕೊಂಡು, ಸಲಿಕೆ ಬೀಸುತ್ತ, ಪರದೆಯ ಎಡದಿಂದ ಬಲಕ್ಕೆ ನಡೆಯುತ್ತಾನೆ. ಅವಳನ್ನು ಮಲಗಿಸಲು ಅವನಿಗೆ ಒಳ್ಳೆಯ ಮಣ್ಣು ಬೇಕು. ಇಂಥದ್ದನ್ನು ಮಕ್ಕಳಿಗೆ ಯಾರು ಕೊಡಿಸುತ್ತಾರೆ? ಇಬ್ಬರೂ ಕೆಲಸಕ್ಕಿದ್ದ ಕಂಪನಿ ಐನೂರು ಪ್ರತಿ ಮಾಡಿಸಿತು. ಕೊನೆಯ ಸೇತುವೆ ದಾಟಲು ಆಗುವುದೇ ಇಲ್ಲವೆಂದು ದೂರು ಬಂದಾಗ ಅಷ್ಟಕ್ಕೇ ಕೈ ತೊಳೆದುಕೊಂಡಿತು. ಲೆಕ್ಕ ತಪ್ಪಿದ್ದು ತನ್ನಿಂದಲೇ ಎಂದು ಒಪ್ಪಿಕೊಂಡ ಅಣ್ಣನ ಕೆಲಸ ಹೋಯಿತು. ಮುಂದೆ ಅವನು ಹೆಂಚಿನ ಕಾರ್ಖಾನೆಯ ಉಗ್ರಾಣದಲ್ಲಿ ಮುದುಕನಾದ. ತಂಗಿ ಗೇಮ್ ಕಂಪನಿಯಲ್ಲೇ ಚಿತ್ರ ಬರೆಯುತ್ತ ಉಳಿದಳು.

ಈಗ ಹಳೆಯ ಗೇಮ್ ಕೂಡಿಡುವವರ ಗುಂಪು ಅಣ್ಣನಿಗೆ 'ಸೇತುವೆ ಎಡವಟ್ಟ' ಎಂದು ಹೆಸರಿಟ್ಟಿತ್ತು. ಅದನ್ನು ಓದಿ ಅವಳ ಮೈ ಉರಿಯಿತು. ಅಣ್ಣನಿಗೆ ಲೆಕ್ಕ ತಪ್ಪುವುದೇ? ಸೇತುವೆ ದಾಟಿ ತೋರಿಸಿ ಆ ಹೆಸರು ಅಳಿಸಿಯೇ ತೀರುತ್ತೇನೆಂದು ಹಟಕ್ಕೆ ಬಿದ್ದಳು.

ಹದಿಮೂರನೆಯ ದಿನ ಆಟ ಬಿಟ್ಟು ಅವನ ಹಳೆಯ ಹಾಳೆಗಳನ್ನು ಹರಡಿಕೊಂಡಳು. ಸೇತುವೆಯ ನಡುವಿನ ಕಂದಕದ ಅಗಲ, ನೆಗೆತದ ದೂರ, ಎಲ್ಲ ಸರಿಯಾಗಿತ್ತು. ಆಮೇಲೆ ತನ್ನ ಚಿತ್ರಗಳನ್ನು ಒಂದೊಂದಾಗಿ ಅಳೆದಳು. ಗೋರಿ ತೋಡುವವನ ನಿಲುವಂಗಿಯ ಅಂಚು ಪರದೆಯ ಎರಡು ಚುಕ್ಕಿಯಷ್ಟು ಹೆಚ್ಚು ಉದ್ದವಿತ್ತು. ಗಾಳಿಗೆ ಹಾರಿದರೆ ಚೆಂದವೆಂದು ಕೊನೆಯ ದಿನ, ಯಾರಿಗೂ ಹೇಳದೆ, ಅವಳೇ ಎಳೆದಿದ್ದಳು. ಆ ಅಂಚು ಕಂದಕದ ಮುಳ್ಳಿಗೆ ತಾಗಿ ಅವನು ಸಾಯುತ್ತಿದ್ದ. ಸತ್ತಾಗಲೆಲ್ಲ ಮೊದಲಿನಿಂದ ಆಡಿದರೆ ಎರಡು ಗಂಟೆ ಹಿಡಿಯುತ್ತದೆಂದು ಇಬ್ಬರೂ ಆಗ ಪ್ರೋಗ್ರಾಂನಲ್ಲಿ ಸಾವನ್ನು ಬಂದ್ ಮಾಡಿಕೊಂಡೇ ಪರೀಕ್ಷಿಸಿದ್ದರು. ಮುಳ್ಳು ಯಾರಿಗೂ ಚುಚ್ಚಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ನಾಚಿಕೆಯಿಂದ ಕುಗ್ಗಿಹೋಗಿ ಅಣ್ಣನ ಕೋಣೆಗೆ ಹೋದಳು. "ತಪ್ಪು ನಂದು ಕಣೋ. ಅಂಗಿ ಉದ್ದ ಆಗಿದೆ."

"ಗೊತ್ತು," ಎಂದ ಅಣ್ಣ, ಕನ್ನಡಕ ಒರೆಸುತ್ತ.

"ಯಾವಾಗಿಂದ?"

"ದೂರು ಬಂದ ದಿನದಿಂದ. ನಿಂಗೆ ಆಗಷ್ಟೇ ಕೆಲಸ ಕಾಯಂ ಆಗಿತ್ತಲ್ಲ."

ಅವಳಿಗೆ ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು. ನೇರ ಹೋಗಿ ಅಂಚಿನ ಎರಡು ಚುಕ್ಕಿ ಅಳಿಸಿ, ಗೇಮಿನ ಹೊಸ ಚಿಪ್‌ಗೆ ಬರೆದು, ಅಣ್ಣನ ಕಣ್ಣೆದುರೇ ಗೋರಿ ತೋಡುವವನನ್ನು ಸೇತುವೆ ದಾಟಿಸಿದಳು. ಆಮೇಲೆ ಗುಂಪಿಗೆ ಪತ್ರ ಟೈಪ್ ಮಾಡಿ ಅವನಿಗೆ ಓದಿ ಹೇಳಿದಳು.

"ಕೊನೇ ಸಾಲು ತೆಗಿ," ಎಂದ ಅಣ್ಣ. "ತಪ್ಪು ನಿಂದು ಅಂತ ಈಗ ಯಾಕೆ? ನನಗೇನೂ ಬೇಜಾರಿಲ್ಲ."

"ನನಗಿದೆ," ಎಂದು ತಂಗಿ ಆ ಸಾಲನ್ನು ಪತ್ರದ ಮೊದಲಿಗೆ ತಂದು, ಕೆಳಗೆ ತನ್ನ ಹೆಸರು ಹಾಕಿ, ಕಳಿಸಿಬಿಟ್ಟಳು.